ಸಹಾಯ ಬೇಕು: ಸಣ್ಣ ಕಾರು, ಘಾಟಿ ದಾರಿ, ಯಾವ ಕನ್ವರ್ಟಿಬಲ್ ಕಾರ್ ಸೀಟ್ (ಹಿಂದಕ್ಕೂ ಮುಂದಕ್ಕೂ ಮುಖ ಮಾಡಿ ಕಟ್ಟಬಹುದಾದ ಮಕ್ಕಳ ಸೀಟು)?

ಮಗೂಗೆ ಒಂದೂವರೆ ವರ್ಷ, 11 ಕೆಜಿ. ಕಾರು ಸಣ್ಣ ಹ್ಯಾಚ್‌ಬ್ಯಾಕ್. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಓಡಾಟ ಜಾಸ್ತಿ.

ಈಗಿರೋ ಸೀಟು ಹಿಮ್ಮುಖವಾಗಿ 13 ಕೆಜಿವರೆಗೆ, ಮುಂದಕ್ಕೆ ಮುಖ ಮಾಡಿ 9ರಿಂದ 18 ಕೆಜಿ. ಹಿಮ್ಮುಖವೇ ಸುರಕ್ಷಿತ, ಅದರಲ್ಲಿ ಅನುಮಾನ ಇಲ್ಲ. ಜೋರಾಗಿ ಬ್ರೇಕ್ ಬಿದ್ರೆ ಹೊಡೆತ ಕುತ್ತಿಗೆಗಲ್ಲ, ಇಡೀ ಬೆನ್ನಿಗೆ ಹಂಚಿಹೋಗುತ್ತೆ. ತೊಂದರೆ ಏನಂದ್ರೆ ಕಾರಿನ ಹಿಂದಿನ ಸೀಟೇ ಇಳಿಜಾರು. ಹಾಗಾಗಿ ಕಾರ್ ಸೀಟು ನೆಟ್ಟಗೆ ನಿಂತು, ನಿದ್ದೆ ಬಂದ ತಕ್ಷಣ ತಲೆ ಎದೆ ಮೇಲೆ ಬೀಳುತ್ತೆ. ಒರಗಿಸಿದ್ರೆ ಮುಂದಿನವರ ಮೊಣಕಾಲು ಡ್ಯಾಶ್‌ಬೋರ್ಡಿಗೆ!

ಮಾಡಿ ನೋಡಿದ್ದು: ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಬುಡಕ್ಕೆ ಟವೆಲ್ ಸುರುಳಿ, ಎಳೆಗೂಸಿನ ದಿಂಬು ತೆಗೆದದ್ದು, ಮಗೂನ ಕಟ್ಟೋ ಪಟ್ಟಿ ಅದರ ಭುಜದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಕಾರಿನ ಬೆಲ್ಟ್ ಹಾದುಹೋಗೋ ಜಾಗದಲ್ಲಿ ಸೀಟಿನ ಅಲುಗಾಟ 2.5 ಸೆಂ.ಮೀ. ಒಳಗೇ ಇದೆ. ಮಳೆಗಾಲದ ಸ್ವೆಟರ್ ಕೂಡ ಬಿಚ್ಚಿಸಿ, ಪಟ್ಟಿ ಬಿಗಿದ ಮೇಲೆ ಕಂಬಳಿ ಹೊದಿಸೋದು.

18 ಕೆಜಿವರೆಗೆ ಹಿಮ್ಮುಖವಾಗಿ ಕೂರಿಸಬಹುದಾದ, ಒರಗಿಸಿದಾಗ ಮುಂದಿನ ಸೀಟಿಗೆ ತಾಗದ, ಬರೀ ಕಾರಿನ ಬೆಲ್ಟಿನಿಂದಲೇ ಕಟ್ಟಬಹುದಾದ ಯಾವ ಮಾಡೆಲ್ ಸಣ್ಣ ಕಾರಲ್ಲಿ ಹಾಕಿ ನೋಡಿದ್ದೀರಿ? ಒರಗಿಸಿದಾಗಿನ ಉದ್ದ ಅಳೆದು ಹೇಳಿದ್ರೆ ಉಪಕಾರ.