ಬೆಂಕಿ ಅಪಾಯದ ಪರಿಶೀಲನೆ: ಫಾರ್ಮ್ ತುಂಬುವ ಮೊದಲು ಏನೇನು ನೋಡಬೇಕು?

ಗೋದಾಮು_ಉಸ್ತುವಾರಿ:
ಎಲ್ಲರಿಗೂ ನಮಸ್ಕಾರ. ಎರಡಂತಸ್ತಿನ ಕಟ್ಟಡ. ಕೆಳಗೆ ದಾಸ್ತಾನು ಮತ್ತು ಪ್ಯಾಕಿಂಗ್, ಮೇಲೆ ಕಚೇರಿ. ಒಟ್ಟು 40 ಜನ, ಮೇಲಿಂದ ಇಳಿಯಲು ಮೆಟ್ಟಿಲು ಒಂದೇ. ಕೆಳಗಡೆ ರಟ್ಟಿನ ಪೆಟ್ಟಿಗೆ, ಬಬಲ್ ರ್ಯಾಪ್, ಥರ್ಮೋಕೋಲ್ ಇವೆ. ಶ್ರಿಂಕ್ ಶೀಟಿಗೆ ಹೀಟ್ ಗನ್, ಅಂಟು ಒರೆಸಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಳಸುತ್ತಾರೆ. ಲೆಡ್-ಆಸಿಡ್ ಬ್ಯಾಟರಿಯ ಪ್ಯಾಲೆಟ್ ಟ್ರಕ್ ಎರಡಿವೆ, ರಾತ್ರಿ ಚಾರ್ಜ್ ಆಗುತ್ತವೆ.

ಸಿಕ್ಕ ಚೆಕ್‌ಲಿಸ್ಟ್‌ನಲ್ಲಿ ಎಲ್ಲದಕ್ಕೂ 1ರಿಂದ 5 ಅಂಕ ಕೊಟ್ಟು ಸಂಭವವನ್ನು ತೀವ್ರತೆಯಿಂದ ಗುಣಿಸಿ ಎಂದಿದೆ. ಅಂಕ ಕೊಡುವುದಕ್ಕೆ ಆಧಾರವೇನು? ಎಲ್ಲಿಂದ ಶುರು ಮಾಡಬೇಕು? ಎಕ್ಸ್‌ಟಿಂಗ್ವಿಷರ್ ಸಾಕಷ್ಟಿವೆ.

ತಪಾಸಕ:
ಎಕ್ಸ್‌ಟಿಂಗ್ವಿಷರ್ ಕೊನೆಗೆ ನೋಡೋಣ ಸರ್. ಮೊದಲು ಫಾರ್ಮ್ ಪಕ್ಕಕ್ಕಿಟ್ಟು ಕಟ್ಟಡದ ನಕ್ಷೆ ಹಿಡಿದು ಓಡಾಡಿ. ಬಿಸಿಯಾಗುವ ಪ್ರತಿ ವಸ್ತುವಿಗೂ ಕೆಂಪು ಚುಕ್ಕೆ, ಸುಲಭವಾಗಿ ಹೊತ್ತುವ ಪ್ರತಿ ರಾಶಿಗೂ ನೀಲಿ ಚುಕ್ಕೆ ಹಾಕಿ. ಎರಡೂ ಹತ್ತಿರ ಬಂದ ಜಾಗವೇ ನಿಮ್ಮ ಪಟ್ಟಿಯ ಮೊದಲ ಸಾಲು. ನೀವು ಹೇಳಿದ್ದರಲ್ಲೇ ಹೀಟ್ ಗನ್ ಮತ್ತು ಐಪಿಎ ಒಂದೇ ಮೇಜಿನ ಮೇಲಿರುವ ಸಾಧ್ಯತೆ ಹೆಚ್ಚು.

ಐಪಿಎ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅದರ ಫ್ಲ್ಯಾಶ್ ಪಾಯಿಂಟ್ ಸುಮಾರು 12 ಡಿಗ್ರಿ ಸೆಲ್ಸಿಯಸ್. ಅಂದರೆ 25 ಡಿಗ್ರಿಯ ಕೋಣೆಯಲ್ಲಿ ಡಬ್ಬಿಯ ಬಾಯಿ ತೆರೆದಿದ್ದರೆ ಅಲ್ಲೇ ಹೊತ್ತಬಲ್ಲ ಆವಿ ಇರುತ್ತದೆ, ಕಿಡಿಯೊಂದು ಸಿಕ್ಕರೆ ಸಾಕು. ಆ ಆವಿ ಗಾಳಿಗಿಂತ ಭಾರ, ಮೇಜಿನಿಂದ ಇಳಿದು ನೆಲದ ಮಟ್ಟದಲ್ಲಿ ಹರಡುತ್ತದೆ. ಚಾರ್ಜರ್‌ನಲ್ಲಿರುವ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಇದಕ್ಕೆ ತದ್ವಿರುದ್ಧ, ಸೀದಾ ಮೇಲೇರಿ ಛಾವಣಿಯ ಮೂಲೆಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ 4 ಶೇಕಡಾ ಸೇರಿದರೆ ಹೊತ್ತುತ್ತದೆ. ಆದ್ದರಿಂದ ಚಾರ್ಜಿಂಗ್ ಜಾಗಕ್ಕೆ ಗಾಳಿಕಿಂಡಿ ಮೇಲೆ ಬೇಕು, ದ್ರಾವಕ ಬಳಸುವ ಜಾಗಕ್ಕೆ ಕೆಳಗೂ ಬೇಕು. "ಫ್ಯಾನ್ ಇದೆ" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ.

ಪರಿಹಾರದ ಕ್ರಮವೂ ಮುಖ್ಯ. ಐಪಿಎ ಬದಲು ನೀರು ಬೆರೆತ ಕ್ಲೀನರ್‌ನಿಂದ ಅಂಟು ಹೋಗುತ್ತದೆಯೇ ನೋಡಿ. ಹೋದರೆ ಆ ಸಾಲೇ ಪಟ್ಟಿಯಿಂದ ಹೊರಟುಹೋಯಿತು. ಆಗದಿದ್ದರೆ ಮೇಜಿನ ಮೇಲೆ ಆ ದಿನಕ್ಕೆ ಬೇಕಾದಷ್ಟೇ ಇರಲಿ, ಅದೂ ತಾನಾಗಿ ಮುಚ್ಚಿಕೊಳ್ಳುವ ಮುಚ್ಚಳದ ಲೋಹದ ಕ್ಯಾನಿನಲ್ಲಿ. ಒರೆಸಿದ ಬಟ್ಟೆ ಮುಚ್ಚಳವಿರುವ ಲೋಹದ ಡಬ್ಬಿಗೆ. ಹೀಟ್ ಗನ್‌ಗೆ ಬೇರೆ ಮೇಜು, ಬಿಸಿ ಮೂತಿ ಮೇಲ್ಮುಖವಾಗಿ ನಿಲ್ಲುವ ಲೋಹದ ಸ್ಟ್ಯಾಂಡ್.

ಇನ್ನೊಂದು, ಹಗಲು ಒಮ್ಮೆ ನೋಡಿ ಮುಗಿಸಬೇಡಿ. ಕೆಲಸ ಬಿಡುವ ಹೊತ್ತಿಗೆ, ಮತ್ತೆ ರಾತ್ರಿ ಚಾರ್ಜಿಂಗ್ ನಡೆಯುವಾಗ ಹೋಗಿ ನೋಡಿ. ಹಗಲಲ್ಲಿ ಖಾಲಿಯಿದ್ದ ಚಾರ್ಜರ್ ಸುತ್ತಲ ಜಾಗದಲ್ಲಿ ಸಂಜೆ ಖಾಲಿ ಪೆಟ್ಟಿಗೆ ಜೋಡಿಸಿಡುವುದು ತೀರಾ ಮಾಮೂಲಿ.

ಮೂರು_ಫೇಸ್:
ವಿದ್ಯುತ್ ಭಾಗದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

"ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತದೆ" ಎಂಬ ಧೈರ್ಯ ಅರ್ಧ ಸತ್ಯ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಸಂಪರ್ಕ ಕಡಿಯುವ (ಟ್ರಿಪ್ ಆಗುವ) ಸ್ವಿಚ್. ಓವರ್‌ಲೋಡ್, ಶಾರ್ಟ್ ಆದರೆ ಟ್ರಿಪ್ ಆಗುತ್ತದೆ. ಸಾಕೆಟ್ಟಿನ ಹಿಂದೆ ಸ್ಕ್ರೂ ಸಡಿಲವಾಗಿದ್ದರೆ ಆಗುವುದಿಲ್ಲ, ಏಕೆಂದರೆ ಹರಿಯುವ ಕರೆಂಟ್ ಹೆಚ್ಚಿರುವುದಿಲ್ಲ. ಆ ಒಂದು ಬಿಂದುವಿನಲ್ಲಿ ರೋಧ ಹೆಚ್ಚಿ ಶಾಖ ಏರುತ್ತದೆ, ಪ್ಲಾಸ್ಟಿಕ್ ಕರಿಕಾಗುತ್ತದೆ, ಎಂಸಿಬಿ ಸುಮ್ಮನೆ ಕೂತಿರುತ್ತದೆ. ಗುರುತುಗಳು: ಪ್ಲಗ್ ಪಿನ್ ಸುತ್ತ ಕಂದು ಬಣ್ಣ, ಮೀನಿನಂಥ ವಾಸನೆ, ಪ್ಲಗ್ ಅಲ್ಲಾಡಿಸಿದರೆ ಚಟಪಟ ಸದ್ದು. ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿದ ಮೇಲೆ ಥರ್ಮಲ್ ಕ್ಯಾಮೆರಾದಲ್ಲಿ ನೋಡಿ. ಒಂದೇ ಲೋಡಿನ ಮೂರು ಫೇಸ್‌ಗಳಲ್ಲಿ ಒಂದರ ಟರ್ಮಿನಲ್ ಮಾತ್ರ ಉಳಿದೆರಡಕ್ಕಿಂತ ಬಿಸಿಯಿದ್ದರೆ ಅಲ್ಲಿ ಕೆಲಸ ಇದೆ. ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲೇ ಫೋಟೊ ತೆಗೆದು ಹೋಗುವ ಪರಿಶೀಲನೆಯಿಂದ ಪ್ರಯೋಜನವಿಲ್ಲ.

ಎಕ್ಸ್‌ಟೆನ್ಷನ್ ಬೋರ್ಡಿಗೆ ಸರಳ ಲೆಕ್ಕ ಹಾಕಿ. 2000 ವ್ಯಾಟ್ ಹೀಟ್ ಗನ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಬೋರ್ಡಿಗೆ ಅದೊಂದೇ ಹೆಚ್ಚು. ಅದರ ಹಿಂದಿನ ಎಂಸಿಬಿ 16 ಆಂಪಿಯರ್ ಆಗಿದ್ದರೆ ಬೋರ್ಡಿನ ವೈರನ್ನು ಕಾಯುವವರು ಯಾರೂ ಇಲ್ಲ. ಬೋರ್ಡಿಗೆ ಬೋರ್ಡ್ ಸಿಕ್ಕಿಸುವುದಂತೂ ಬೇಡವೇ ಬೇಡ. ಕೇಬಲ್ ಡ್ರಮ್ ಬಳಸುವುದಾದರೆ ಪೂರ್ತಿ ಬಿಚ್ಚಿ. ಸುತ್ತಿದ ಕೇಬಲ್‌ನ ಶಾಖಕ್ಕೆ ಹೊರದಾರಿ ಇರುವುದಿಲ್ಲ, ಒಳಸುತ್ತುಗಳ ಇನ್ಸುಲೇಷನ್ ಕರಗುತ್ತದೆ.

ಹೊರದಾರಿ:
ಇಬ್ಬರೂ ಹೇಳಿದ್ದು ಸರಿ, ಆದರೆ ನನ್ನ ಲೆಕ್ಕದಲ್ಲಿ ಈ ಕಟ್ಟಡದ ದೊಡ್ಡ ಅಪಾಯ ಆ ಒಂದೇ ಮೆಟ್ಟಿಲು. ಥರ್ಮೋಕೋಲ್ ಉರಿದರೆ ದಟ್ಟ ಕಪ್ಪು ಹೊಗೆ. ಮೆಟ್ಟಿಲು ದಾಸ್ತಾನಿನ ಕಡೆಗೆ ತೆರೆದಿದ್ದರೆ ಅದೇ ಹೊಗೆಯ ಚಿಮಣಿ, ಮೇಲಿನವರು ಇಳಿಯುವುದೂ ಅದರಲ್ಲೇ. ನೋಡಬೇಕಾದ್ದು: ಮೆಟ್ಟಿಲಿಗೂ ದಾಸ್ತಾನಿಗೂ ನಡುವೆ ಗೋಡೆ ಮತ್ತು ತಾನಾಗಿ ಮುಚ್ಚುವ ಬೆಂಕಿತಡೆ ಬಾಗಿಲು ಇದೆಯೇ? ಇದ್ದರೆ ಅದಕ್ಕೆ ಮರದ ತುಂಡು ಕೊಟ್ಟು ತೆರೆದಿಟ್ಟಿದ್ದಾರೆಯೇ? ಕೇಬಲ್ ಹಾಯಿಸಲು ಕೊರೆದ ತೂತು ಹಾಗೇ ಬಿಟ್ಟಿದೆಯೇ? ಮೆಟ್ಟಿಲ ಕೆಳಗೆ ಪೆಟ್ಟಿಗೆ ಇದ್ದರೆ ಇವತ್ತೇ ತೆಗೆಸಿ.

ದೂರ ಅಳೆಯುವಾಗ ನಕ್ಷೆಯ ಮೇಲೆ ನೇರ ಗೆರೆ ಎಳೆಯಬೇಡಿ. ಅತಿ ದೂರದ ಮೇಜಿನಿಂದ ಕುರ್ಚಿ, ಕಪಾಟು ಬಳಸಿಕೊಂಡು ನಡೆದೇ ಅಳೆಯಿರಿ. ಮಿತಿ ಎಷ್ಟೆಂದು ನಿಮ್ಮಲ್ಲಿನ ನಿಯಮ ಹೇಳುತ್ತದೆ. ಅಂದಾಜಿಗೆ, ಬ್ರಿಟನ್ನಿನ ಮಾರ್ಗದರ್ಶಿಯಲ್ಲಿ ಸಾಮಾನ್ಯ ಅಪಾಯದ ಕಚೇರಿಗೆ ಒಂದೇ ದಿಕ್ಕಿನ ದಾರಿಯಾದರೆ 18 ಮೀಟರ್, ಎರಡು ದಾರಿಯಿದ್ದರೆ 45 ಮೀಟರ್. ರೋಲಿಂಗ್ ಶಟರನ್ನು ಹೊರದಾರಿಯೆಂದು ಎಣಿಸಬೇಡಿ. ಕಾರ್ಡ್ ತೋರಿಸಿ ತೆರೆಯುವ ಬಾಗಿಲಿದ್ದರೆ ಅಲಾರಂ ಆದಾಗಲೂ ಕರೆಂಟ್ ಹೋದಾಗಲೂ ಬೀಗ ಬಿಡುತ್ತದೆಯೇ ಎಂದು ನಿಜವಾಗಿ ಕರೆಂಟ್ ತೆಗೆದು ನೋಡಿ. ಎಮರ್ಜೆನ್ಸಿ ದೀಪವೂ ಹಾಗೇ: ಅದರ ಗುಂಡಿ ಒತ್ತಿದರೆ ದೀಪ ಪರೀಕ್ಷೆಯಾಗುತ್ತದೆ, ಲೈಟಿಂಗ್ ಸರ್ಕ್ಯೂಟಿನ ಎಂಸಿಬಿ ಇಳಿಸಿದರೆ ಇಡೀ ವ್ಯವಸ್ಥೆ ಪರೀಕ್ಷೆಯಾಗುತ್ತದೆ.

ಅಂಕದ ವಿಚಾರ. ಅಂಕ ಕೊಡಿ, ಬೇಡವೆನ್ನುವುದಿಲ್ಲ. ಮೊದಲು ಒಂದು ವಾಕ್ಯ ಬರೆಯಿರಿ: ಏನು, ಯಾವುದರಿಂದ ಹೊತ್ತುತ್ತದೆ, ಯಾರಿಗೆ ಎಷ್ಟು ಬೇಗ ಗೊತ್ತಾಗುತ್ತದೆ, ಯಾರ ದಾರಿ ಕಟ್ಟುತ್ತದೆ. ಉದಾಹರಣೆಗೆ, "ರಾತ್ರಿ ಚಾರ್ಜರ್ ಬಿಸಿಯಾಗಿ ಪಕ್ಕದ ರಟ್ಟು ಹೊತ್ತಬಹುದು, ಆ ಮೂಲೆಯಲ್ಲಿ ಡಿಟೆಕ್ಟರ್ ಇಲ್ಲ, ಮೇಲೆ ತಡವಾಗಿ ಕೆಲಸ ಮಾಡುವ ಇಬ್ಬರಿಗೆ ಹೊಗೆ ಮೆಟ್ಟಿಲಿಗೆ ಬಂದಮೇಲೇ ತಿಳಿಯುತ್ತದೆ." ಇದನ್ನು ಬರೆದಮೇಲೆ 4 ಕೊಡಬೇಕೋ 5 ಕೊಡಬೇಕೋ ಎಂಬ ಜಗಳ ಉಳಿಯುವುದಿಲ್ಲ, ಡಿಟೆಕ್ಟರ್ ಎಲ್ಲಿ ಬೇಕೆಂಬುದೂ ಅಲ್ಲೇ ಇದೆ. ಪ್ರತಿ ಸಾಲಿಗೂ ಹೊಣೆ ಯಾರದು, ಯಾವ ತಾರೀಖಿನೊಳಗೆ ಎಂದು ಬರೆಯಿರಿ.

ಗೋದಾಮು_ಉಸ್ತುವಾರಿ:
ಧನ್ಯವಾದ. ಮೆಟ್ಟಿಲಿಗೆ ಬಾಗಿಲಿದೆ, ಆದರೆ ಸದಾ ತೆರೆದೇ ಇರುತ್ತದೆ, ಸಾಮಾನು ಸಾಗಿಸಲು ಅಡ್ಡಿ ಎನ್ನುತ್ತಾರೆ. ಏನು ಮಾಡಬಹುದು? ಇನ್ನು ಪ್ಯಾಕಿಂಗ್ ಜಾಗದಲ್ಲಿ ಇರುವುದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮಾತ್ರ. ಅದಕ್ಕೆ ಮೀಟರೇ ಇಲ್ಲ, ತುಂಬಿದೆಯೇ ಎಂದು ತಿಳಿಯುವುದು ಹೇಗೆ?

ಹೊರದಾರಿ:
ಬೈದರೆ ಎರಡು ದಿನ ಮುಚ್ಚಿರುತ್ತದೆ, ಅಷ್ಟೆ. ವಿದ್ಯುತ್ಕಾಂತದ ಹೋಲ್ಡರ್ ಹಾಕಿಸಿ ಅಲಾರಂಗೆ ಜೋಡಿಸಿ. ದಿನವಿಡೀ ತೆರೆದಿರಲಿ, ಅಲಾರಂ ಆದಾಗ ಅಥವಾ ಕರೆಂಟ್ ಹೋದಾಗ ಬಿಟ್ಟುಕೊಂಡು ಮುಚ್ಚುತ್ತದೆ. ರಾತ್ರಿ ಕೈಯಾರೆ ಮುಚ್ಚುವ ಕೆಲಸ ಒಬ್ಬರ ಹೆಸರಿಗಿರಲಿ.

ತಪಾಸಕ:
ಆ ಸಿಲಿಂಡರಿಗೆ ಮೀಟರ್ ಇರುವುದಿಲ್ಲ, ತೂಗಿಯೇ ನೋಡಬೇಕು. ಖಾಲಿ ತೂಕ ಕವಾಟದ ಮೇಲೋ ಭುಜದ ಮೇಲೋ ಕೊರೆದಿರುತ್ತದೆ. ಒಳಗಿನ ಅನಿಲ 10 ಶೇಕಡಾ ಕಡಿಮೆಯಾಗಿದ್ದರೆ ಮರುಭರ್ತಿಗೆ ಕಳಿಸಿ.

ಆದರೆ ಜಾಗಕ್ಕೆ ಅದೊಂದೇ ಸಾಲದು. ರಟ್ಟಿನ ರಾಶಿಯ ಮೇಲೆ ಬಿಟ್ಟರೆ ಜ್ವಾಲೆ ಅಡಗುತ್ತದೆ, ಒಳಗಿನ ಕೆಂಡ ತಣಿಯುವುದಿಲ್ಲ, ಅನಿಲ ಚದುರಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಅದನ್ನು ಪ್ಯಾನಲ್ ಬೋರ್ಡಿನ ಹತ್ತಿರಕ್ಕೆ ಸರಿಸಿ, ದಾಸ್ತಾನಿಗೆ ನೀರಿನದು, ಐಪಿಎ ಇರುವಲ್ಲಿ ಎಬಿಸಿ ಪುಡಿಯದು (ಘನ, ದ್ರವ, ಅನಿಲ ಮೂರರ ಬೆಂಕಿಗೂ ಆಗುವಂಥದ್ದು) ಇಡಿ. ಹೊರಗೆ ಹೋಗುವ ಬಾಗಿಲ ಪಕ್ಕದಲ್ಲೇ ತೂಗುಹಾಕಿ, ಬಳಸುವವರ ಬೆನ್ನು ಯಾವಾಗಲೂ ಬಾಗಿಲ ಕಡೆಗಿರಬೇಕು. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಒಂದು ಮುಗಿದರೂ ಉರಿ ಇದ್ದರೆ ಎರಡನೆಯದನ್ನು ಹುಡುಕುತ್ತ ನಿಲ್ಲದೆ ಬಾಗಿಲೆಳೆದುಕೊಂಡು ಹೊರನಡೆಯಬೇಕು ಎಂಬುದನ್ನು ತರಬೇತಿಯಲ್ಲೇ ಹೇಳಿಬಿಡಿ.