ಅಂತರ ಕಾಲೇಜು ಪಂದ್ಯಗಳ ನೇರ ಪ್ರಸಾರವನ್ನು ಚಂದಾ ಆ್ಯಪ್‌ಗೆ ಬಿಟ್ಟುಕೊಡಬಹುದೇ? ಅಮೆರಿಕದ ಅನುಭವ ಬಲ್ಲವರು ತಿಳಿಸಿ

ಪ್ರಶ್ನೆ: ಮೈದಾನದ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ 22 ವರ್ಷಗಳಿಂದ ದೈಹಿಕ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಈ ಬಾರಿಯ ಅಂತರ ಕಾಲೇಜು ಖೊಖೊ ಮತ್ತು ಕಬಡ್ಡಿ ಪಂದ್ಯಾವಳಿಯ ಆತಿಥ್ಯ ನಮ್ಮ ಪಾಲಿಗೆ ಬಂದಿದೆ. ಖಾಸಗಿ ಸ್ಟ್ರೀಮಿಂಗ್ ಸಂಸ್ಥೆಯೊಂದು ನಮ್ಮ ಆಡಳಿತ ಮಂಡಳಿಯ ಮುಂದೆ ಒಂದು ಪ್ರಸ್ತಾವ ಇಟ್ಟಿದೆ. ನಾಲ್ಕು ಕ್ಯಾಮೆರಾ, ಕನ್ನಡದಲ್ಲಿ ವೀಕ್ಷಕ ವಿವರಣೆ, ಕಬಡ್ಡಿ ಮ್ಯಾಟಿನ ಬಾಡಿಗೆ, ಇಷ್ಟನ್ನೂ ಅವರೇ ಭರಿಸುತ್ತಾರೆ. ಅದಕ್ಕೆ ಪ್ರತಿಯಾಗಿ ಮೂರು ವರ್ಷ ಪ್ರಸಾರದ ಹಕ್ಕು ಅವರೊಬ್ಬರದೇ ಆಗಿರಬೇಕು, ಕಾಲೇಜಿನ ಯೂಟ್ಯೂಬ್ ಚಾನೆಲ್‌ನಲ್ಲಿ ನಾವು ಒಂದು ನಿಮಿಷವನ್ನೂ ಹಾಕಬಾರದು, ನೋಡುವವರು ಚಂದಾ ಕಟ್ಟಿ ನೋಡಬೇಕು. ಮಾತುಕತೆಗೆ ಬಂದಿದ್ದ ಪ್ರತಿನಿಧಿ, ಅಮೆರಿಕದಲ್ಲಿ ಕಾಲೇಜು ಕ್ರೀಡೆಯೆಲ್ಲ ಈಗಾಗಲೇ ಸ್ಟ್ರೀಮಿಂಗ್‌ಗೆ ಹೋಗಿದೆ, ನೀವೂ ಕಾಲದ ಜೊತೆ ಬನ್ನಿ ಎಂದರು. ಸಭೆಯಲ್ಲಿ ಕೆಲವರು ತಲೆದೂಗಿದರು. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ, ಆದರೆ ಎದ್ದು ನಿಂತು ಹೇಳಲು ನನ್ನ ಬಳಿ ಮಾಹಿತಿಯೂ ಇರಲಿಲ್ಲ.

ಮನಸ್ಸು ಒಪ್ಪದಿರುವುದಕ್ಕೆ ಕಾರಣವಿದೆ. ಕಳೆದ ವರ್ಷ ನಮ್ಮ ಹುಡುಗಿಯರು ಫೈನಲ್ ಆಡಿದಾಗ ವಿದ್ಯಾರ್ಥಿಯೊಬ್ಬ ತನ್ನ ಫೋನನ್ನು ವಾಲಿಬಾಲ್ ಕಂಬಕ್ಕೆ ಕ್ರೇಪ್ ಬ್ಯಾಂಡೇಜಿನಿಂದ ಬಿಗಿದು ಯೂಟ್ಯೂಬ್‌ನಲ್ಲಿ ಲೈವ್ ಕೊಟ್ಟಿದ್ದ. ನೋಡುತ್ತಿದ್ದವರು ಅರವತ್ತು ಎಪ್ಪತ್ತು ಜನ ಇದ್ದಿರಬಹುದು. ಪಂದ್ಯ ಮುಗಿದ ಮೇಲೆ ಜಗಳೂರು ತಾಲ್ಲೂಕಿನ ಹುಡುಗಿಯೊಬ್ಬಳು ನನ್ನ ಫೋನು ತೆಗೆದುಕೊಂಡು ಊರಿಗೆ ಕರೆ ಮಾಡಿದಳು. ಅವಳು ಗೆದ್ದ ಸುದ್ದಿ ಹೇಳಲು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ತಾಯಿಯ ದನಿ ನನಗೂ ಕೇಳಿಸಿತು: "ಮೊಣಕೈಗೆ ಮೊದ್ಲು ಅರಿಶಿಣ ಹಚ್ಕೋ, ಬಿದ್ದಿದ್ದು ಕಂಡೆ." ಆ ತಾಯಿ ಕೂಲಿ ಬಿಟ್ಟು ದಾವಣಗೆರೆಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಚಂದಾ ಇದ್ದಿದ್ದರೆ ಅವರು ನೋಡುತ್ತಿದ್ದರೇ ಎಂಬುದು ನನ್ನ ಚಿಂತೆ.

ಮುಂದಿನ ವಾರ ಮತ್ತೆ ಸಭೆ ಇದೆ. ಅಮೆರಿಕದಲ್ಲಿ ನಿಜವಾಗಿ ಏನಾಯಿತು, ಅದರಲ್ಲಿ ನಮಗೆ ಹೊಂದುವುದು ಯಾವುದು, ಹೊಂದದಿರುವುದು ಯಾವುದು ಎಂಬುದನ್ನು ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಕೋಟೆ ಓಣಿ, ಚಿತ್ರದುರ್ಗ

ಮೇಷ್ಟ್ರೇ, ನಾನು ಒರೆಗಾನ್ ರಾಜ್ಯದ ಕೋರ್ವಾಲಿಸ್ ಎಂಬ ಊರಿನಲ್ಲಿ ಒಂಬತ್ತು ವರ್ಷ ಕೆಲಸದಲ್ಲಿದ್ದು ದುರ್ಗಕ್ಕೆ ಹಿಂದಿರುಗಿದವನು. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ಇರುವುದು ಅದೇ ಊರಿನಲ್ಲಿ. ಫುಟ್‌ಬಾಲ್ ಪಂದ್ಯದ ಶನಿವಾರ ಅಂಗಡಿಯವರಿಂದ ಅಜ್ಜಿಯರವರೆಗೆ ಎಲ್ಲರ ಮೈಮೇಲೆ ಕಿತ್ತಳೆ ಬಣ್ಣವೇ. ಆದ್ದರಿಂದ ಈ ವಿಷಯವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಅಲ್ಲಿ ಕಾನ್ಫರೆನ್ಸ್ ಎಂದರೆ ತಮ್ಮತಮ್ಮಲ್ಲೇ ಆಡುವ, ಪ್ರಸಾರದ ಹಕ್ಕನ್ನು ಒಟ್ಟಾಗಿ ಮಾರುವ ವಿಶ್ವವಿದ್ಯಾಲಯಗಳ ಕೂಟ. ಮೊದಲು ಯಾವ ಫುಟ್‌ಬಾಲ್ ಪಂದ್ಯ ಟಿ.ವಿ.ಯಲ್ಲಿ ಬರಬೇಕು, ಎಷ್ಟು ಬರಬೇಕು ಎಂಬುದನ್ನು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಘವೇ ನಿರ್ಧರಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ತೆಗೆದುಹಾಕಿತು. ಇಂದಿನ ಸಾವಿರಾರು ಕೋಟಿ ರೂಪಾಯಿಗಳ ಒಪ್ಪಂದಗಳ ಬೇರು ಇರುವುದು ಆ ತೀರ್ಪಿನಲ್ಲಿ.

ಆಮೇಲೆ ದುಡ್ಡು ಹರಿದುಬಂದದ್ದು ಕೇಬಲ್‌ನಿಂದ. ಪಂದ್ಯ ನೋಡಲಿ ಬಿಡಲಿ, ಕೇಬಲ್ ಹಾಕಿಸಿಕೊಂಡ ಪ್ರತಿ ಮನೆಯ ತಿಂಗಳ ಬಿಲ್ಲಿನಲ್ಲಿ ಇಎಸ್‌ಪಿಎನ್ ಎಂಬ ಕ್ರೀಡಾ ಚಾನೆಲ್‌ನ ಪಾಲು ಸೇರಿರುತ್ತಿತ್ತು. 2011ರ ಸುಮಾರಿಗೆ ಅಂಥ ಮನೆಗಳು ಹತ್ತು ಕೋಟಿಯಷ್ಟಿದ್ದವು. ಮುಂದೆ ಜನ ಕೋಟಿಗಟ್ಟಲೆಯಲ್ಲಿ ಕೇಬಲ್ ಬಿಟ್ಟರು, ಆ ಹಣದ ಹರಿವು ಬತ್ತುತ್ತ ಬಂತು. ಸ್ಟ್ರೀಮಿಂಗ್‌ಗೆ ಹೋಗಲು ಮುಖ್ಯ ಕಾರಣ ಇದೇ. ನಮ್ಮ ಅಂತರ ಕಾಲೇಜು ಪಂದ್ಯಗಳಿಗೆ ಕೇಬಲ್ ದುಡ್ಡು ಎಂದೂ ಬಂದದ್ದಿಲ್ಲ, ಆದ್ದರಿಂದ ಆ ಕಾರಣವೇ ನಮಗಿಲ್ಲ ಎಂಬುದನ್ನು ನಿಮ್ಮ ಸಭೆಯಲ್ಲಿ ಮೊದಲು ಹೇಳಿ.

ಎಲ್ಲವೂ ಹೋಗಿದೆ ಎಂಬ ಮಾತೂ ಸರಿಯಲ್ಲ. 2022ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ಏಳು ವರ್ಷಗಳ ದೊಡ್ಡ ಒಪ್ಪಂದ ಮಾಡಿಕೊಂಡಾಗ ಮುಖ್ಯ ಪಂದ್ಯಗಳನ್ನು ಕೊಟ್ಟದ್ದು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಎಂಬ ಟಿ.ವಿ. ಜಾಲಗಳಿಗೆ. ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗೆ ಹೋದದ್ದು ಕೆಲವು ಪಂದ್ಯಗಳು ಮಾತ್ರ. ಪೂರ್ತಿಯಾಗಿ ಸ್ಟ್ರೀಮಿಂಗ್‌ನ ಕೈಗೆ ಹೋಗುವ ಹೊಸ್ತಿಲಲ್ಲಿ ನಿಂತದ್ದು ನಮ್ಮೂರಿನ ವಿಶ್ವವಿದ್ಯಾಲಯವಿದ್ದ ಪ್ಯಾಕ್-12. ಅದರ ಕಥೆ ಇನ್ನೂ ಹಿಂದಿನಿಂದ ಶುರುವಾಗುತ್ತದೆ. 2012ರಲ್ಲಿ ಅದು ಸ್ವಂತ ಚಾನೆಲ್‌ಗಳನ್ನು ತೆರೆಯಿತು. ಒಡೆತನ ಪೂರ್ತಿ ತನ್ನದೇ ಎಂಬ ಹೆಮ್ಮೆಯೇನೋ ಇತ್ತು, ಆದರೆ ಡೈರೆಕ್‌ಟಿವಿ ಎಂಬ ದೊಡ್ಡ ಡಿಟಿಎಚ್ ಸಂಸ್ಥೆಯೊಂದಿಗೆ ಕೊನೆಯವರೆಗೂ ಒಪ್ಪಂದ ಕುದುರಲಿಲ್ಲ. ನನ್ನ ಪಕ್ಕದ ಮನೆಯ ನಿವೃತ್ತ ಮರಗೆಲಸಗಾರರ ಮನೆಯಲ್ಲಿದ್ದದ್ದು ಅದೇ ತಟ್ಟೆ. ತಮ್ಮದೇ ಊರಿನ, ಎರಡು ಮೈಲಿ ದೂರದ ಪಂದ್ಯವನ್ನು ನೋಡಲು ಅವರು ನಮ್ಮ ಮನೆಗೆ ಬರುತ್ತಿದ್ದರು. ಬರುವಾಗ, ಯಾವ ಪಂದ್ಯ ಯಾವ ಚಾನೆಲ್‌ನಲ್ಲಿ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡ ಚೀಟಿಯೊಂದು ಅವರ ಅಂಗಿಯ ಜೇಬಿನಲ್ಲಿ ಇರುತ್ತಿತ್ತು.

2023ರ ಆಗಸ್ಟ್ ಆರಂಭದಲ್ಲಿ ಆ ಕಾನ್ಫರೆನ್ಸಿನ ಮುಂದೆ ಆಪಲ್ ಸಂಸ್ಥೆಯ ಪ್ರಸ್ತಾವ ಬಂತು. ಮೂಲ ಮೊತ್ತವೊಂದು ಖಚಿತ, ಅದರ ಮೇಲಿನ ಹಣ ಎಷ್ಟು ಜನ ಚಂದಾದಾರರಾಗುತ್ತಾರೆ ಎಂಬುದರ ಮೇಲೆ. ವಿಶ್ವವಿದ್ಯಾಲಯಗಳಿಗೆ ಆ ಅನಿಶ್ಚಿತತೆ ಹಿಡಿಸಲಿಲ್ಲ. ಆಗಸ್ಟ್ 4ರಂದು ಒರೆಗಾನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಬಿಗ್ ಟೆನ್‌ಗೆ ಹೊರಟವು, ಇನ್ನೂ ಮೂರು ಅದೇ ದಿನ ಬಿಗ್ 12 ಎಂಬ ಇನ್ನೊಂದು ಕೂಟದ ದಾರಿ ಹಿಡಿದವು. 1915ರಷ್ಟು ಹಳೆಯ ಬೇರುಗಳಿದ್ದ ಕೂಟದಲ್ಲಿ ಕೊನೆಗೆ ಉಳಿದದ್ದು ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ. ಹಾಗೆ ಉಳಿದ ಆ ಎರಡರ ತವರು ಪಂದ್ಯಗಳು 2024ರಲ್ಲಿ ಬಂದದ್ದು ಆಂಟೆನಾದಿಂದಲೇ ಸಿಗುವ ಸಿಡಬ್ಲ್ಯು ಮತ್ತು ಫಾಕ್ಸ್‌ನಲ್ಲಿ.

ಸ್ಟ್ರೀಮಿಂಗ್‌ನಿಂದ ಒಳ್ಳೆಯದೂ ಆಗಿದೆ, ಅದನ್ನು ಮುಚ್ಚಿಡಬಾರದು. ಐವಿ ಲೀಗ್ ಎಂಬ ಕೂಟದ ವಿಶ್ವವಿದ್ಯಾಲಯಗಳು 2018ರಲ್ಲಿ ಇಎಸ್‌ಪಿಎನ್ ಪ್ಲಸ್ ಎಂಬ ಚಂದಾ ಸ್ಟ್ರೀಮಿಂಗ್ ಸೇವೆ ಸೇರಿದಾಗ, ಟಿ.ವಿ. ಕ್ಯಾಮೆರಾ ತಿರುಗಿಯೂ ನೋಡದ ಎಷ್ಟೋ ಆಟಗಳಿಗೆ ನೆಲೆ ಸಿಕ್ಕಿತು. ಎಲ್ಲಿಯೂ ಕಾಣದಿದ್ದ ಆಟ ದುಡ್ಡಿಗಾದರೂ ಕಾಣುವುದು ಒಂದು, ಎಲ್ಲರೂ ಕಾಣುತ್ತಿದ್ದ ಆಟಕ್ಕೆ ಬಾಗಿಲು ಹಾಕುವುದು ಇನ್ನೊಂದು. ಫೋನಿನಲ್ಲೇ ಆದರೂ ನಿಮ್ಮ ಪಂದ್ಯ ಈಗಾಗಲೇ ಎಲ್ಲರಿಗೂ ಕಾಣುತ್ತಿದೆ, ಮೇಷ್ಟ್ರೇ.

ಉತ್ತರ 2: ವಾಣಿವಿಲಾಸದ ದಂಡೆ, ಹಿರಿಯೂರು

ನನ್ನ ತಮ್ಮ ಕಬಡ್ಡಿ ಆಟಗಾರ. ಎರಡು ವರ್ಷಗಳ ಹಿಂದೆ ಬೇರೆ ಜಿಲ್ಲೆಯಲ್ಲಿ ಅವನು ಆಡಿದ ಪಂದ್ಯಾವಳಿಯ ಪ್ರಸಾರ ಇಂಥದೇ ಆ್ಯಪ್‌ನಲ್ಲಿತ್ತು. ಸಂಸ್ಥೆಯ ಹೆಸರು ಬೇಡ. ನಾವು ಮನೆಮಂದಿಯೆಲ್ಲ 99 ರೂಪಾಯಿ ಕಟ್ಟಿ ಕುಳಿತೆವು. ಸೆಮಿಫೈನಲ್‌ನ ಕೊನೆಯ ರೇಡಿಗೆ ತಮ್ಮ ಗೆರೆ ದಾಟಿ ಒಳಗೆ ಕಾಲಿಡುತ್ತಿದ್ದಂತೆ ಪರದೆಯ ನಡುವೆ ಚಕ್ರ ತಿರುಗತೊಡಗಿತು. ಚಿತ್ರ ಮರಳಿ ಬಂದಾಗ ಎರಡೂ ತಂಡಗಳು ಕೈ ಕುಲುಕುತ್ತಿದ್ದವು. ಸೋತೆವೋ ಗೆದ್ದೆವೋ ಎಂದು ತಿಳಿಯಲು ನಮ್ಮಪ್ಪ ಇಪ್ಪತ್ತು ನಿಮಿಷ ಫೋನಿಗೆ ಕಾದರು. ದುಡ್ಡು ವಾಪಸ್ ಕೇಳಿ ಕಳಿಸಿದ ಎರಡು ಸಂದೇಶಗಳಿಗೂ ಉತ್ತರ ಬರಲಿಲ್ಲ. ಪ್ರಸಾರ ಕೆಟ್ಟರೆ ಹೊಣೆ ಯಾರದು, ಪಂದ್ಯದ ಪೂರ್ಣ ಚಿತ್ರಿಕೆ ಆಟಗಾರರಿಗೆ ಯಾವಾಗ ಸಿಗುತ್ತದೆ ಎಂಬ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯದೆ ಸಹಿ ಹಾಕಬೇಡಿ. ಆಯ್ಕೆದಾರರಿಗೆ ತೋರಿಸಲು ನನ್ನ ತಮ್ಮನ ಬಳಿ ಆ ಪಂದ್ಯದ ಒಂದು ತುಣುಕೂ ಇಲ್ಲ.

ಉತ್ತರ 3: ಕರಡು ಪತ್ರ, ದಾವಣಗೆರೆ

ನಾನು ವಕೀಲ ವೃತ್ತಿಯವನು. ಕಾನೂನು ನಿಮ್ಮನ್ನು ಕಾಯುತ್ತದೆ ಎಂದು ನಂಬಿ ಕೂರಬೇಡಿ ಎಂದು ಮೊದಲೇ ಹೇಳುತ್ತೇನೆ. ನಮ್ಮಲ್ಲಿ 2007ರ ಕ್ರೀಡಾ ಪ್ರಸಾರ ಸಂಕೇತಗಳ ಕಾಯ್ದೆ ಇದೆ. ಕೇಂದ್ರ ಸರ್ಕಾರ ರಾಷ್ಟ್ರೀಯ ಮಹತ್ವದ್ದೆಂದು ಅಧಿಸೂಚಿಸಿದ ಪಂದ್ಯಗಳ ಸಂಕೇತವನ್ನು ಖಾಸಗಿ ಪ್ರಸಾರಕರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ದೂರದರ್ಶನದಲ್ಲಿ ಭಾರತದ ಕ್ರಿಕೆಟ್ ಪಂದ್ಯಗಳು ಕಾಣುವುದು ಈ ಕಾಯ್ದೆಯ ಬಲದಿಂದ. ಆದರೆ ಅದು ರೂಪುಗೊಂಡದ್ದು ಟಿ.ವಿ. ಮತ್ತು ರೇಡಿಯೊವನ್ನು ಮುಂದಿಟ್ಟುಕೊಂಡು. 2017ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಹಾಗೆ ಹಂಚಿಕೊಂಡ ಸಂಕೇತ ದೂರದರ್ಶನದ ಭೂ ಪ್ರಸಾರ ಮತ್ತು ಡಿಟಿಎಚ್‌ಗೆ ಮಾತ್ರ ಸೀಮಿತ ಎಂದು ಸ್ಪಷ್ಟಪಡಿಸಿತು. ಕಾಲೇಜು ಮತ್ತು ಆ್ಯಪ್ ನಡುವಿನ ಒಪ್ಪಂದದಲ್ಲಿ ನಿಮಗೆ ರಕ್ಷಣೆ ಎಂದರೆ ನೀವು ಬರೆಸಿಕೊಳ್ಳುವ ಷರತ್ತುಗಳಷ್ಟೇ.

ಆದ್ದರಿಂದ ಅವರು ಕೇಳುವ ಏಕಮಾತ್ರ ಹಕ್ಕಿನ ಅಂಶವನ್ನು ತೆಗೆಸಿ. ಅದಕ್ಕೆ ಅವರು ಒಪ್ಪದಿದ್ದರೆ ಚಂದಾ ತೆಗೆಸಿ, ಜಾಹೀರಾತಿನ ಆದಾಯ ಅವರಿಗೇ ಇರಲಿ. ಮೂರು ವರ್ಷ ಎಂಬುದನ್ನು ಒಂದು ವರ್ಷಕ್ಕೆ ಇಳಿಸಿ, ಏಕೆಂದರೆ ಮುಂದಿನ ವರ್ಷದ ಆತಿಥ್ಯ ನಿಮ್ಮ ಕಾಲೇಜಿನದಾಗಿರಬೇಕೆಂದಿಲ್ಲ. ನಿಮ್ಮದಲ್ಲದ ಪಂದ್ಯದ ಹಕ್ಕನ್ನು ನೀವು ಬರೆದುಕೊಡಲು ಬರುವುದೂ ಇಲ್ಲ. ಈ ಮಾತನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳಿ.

ಉಚಿತವಾಗಿ ತೋರಿಸಿದರೆ ಬೆಲೆ ಇರುವುದಿಲ್ಲ ಎಂದು ಯಾರಾದರೂ ಅಂದರೆ ಅಮೆರಿಕದ ಇನ್ನೊಂದು ಸಂಗತಿ ಮುಂದಿಡಿ. 2024ರ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಅಯೋವಾ ಮತ್ತು ಸೌತ್ ಕ್ಯಾರೊಲಿನಾ ಆಡಿದವು. ಪ್ರಸಾರವಾದದ್ದು ಎಲ್ಲರಿಗೂ ಸಿಗುವ ಎಬಿಸಿ ಜಾಲದಲ್ಲಿ. ಸರಾಸರಿ ವೀಕ್ಷಕರು 1.8 ಕೋಟಿಗೂ ಹೆಚ್ಚು. ಅದೇ ವರ್ಷ ಕೇಬಲ್ ಚಾನೆಲ್‌ಗಳಲ್ಲಿ ಬಂದ ಪುರುಷರ ಫೈನಲ್‌ಗೆ ಸುಮಾರು 1.48 ಕೋಟಿ. ಅಯೋವಾ ತಂಡದಲ್ಲಿ ಕೇಟ್ಲಿನ್ ಕ್ಲಾರ್ಕ್‌ರಂಥ ಆಟಗಾರ್ತಿ ಇದ್ದದ್ದು ದೊಡ್ಡ ಕಾರಣ ನಿಜ, ಆದರೆ ಅಷ್ಟು ಜನ ಅವರ ಆಟ ನೋಡಲು ಬಾಗಿಲು ತೆರೆದಿರಬೇಕಿತ್ತು.

ಮೈದಾನದ ಮೇಷ್ಟ್ರು, ದಾವಣಗೆರೆ

ಮೂವರಿಗೂ ಕೃತಜ್ಞ. ಆತಿಥ್ಯ ಒಂದೇ ವರ್ಷದ್ದು, ಹಕ್ಕು ಮೂರು ವರ್ಷದ್ದು ಎಂಬ ಎಡವಟ್ಟು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇವತ್ತು ಪ್ರಾಂಶುಪಾಲರಿಗೆ ಪತ್ರ ಕೊಟ್ಟೆ. ಏಕಮಾತ್ರ ಹಕ್ಕು ಬೇಡ, ಅವಧಿ ಒಂದೇ ವರ್ಷ, ಮುಗಿದ ಪಂದ್ಯದ ಪೂರ್ಣ ಚಿತ್ರಿಕೆ ಮರುದಿನವೇ ಎರಡೂ ತಂಡಗಳ ಕೈಗೆ ಎಂದು ಬರೆದಿದ್ದೇನೆ. ಕ್ಯಾಮೆರಾ ವಿಚಾರದಲ್ಲಿ ಮಾತ್ರ ಅವರ ಮಾತು ಒಪ್ಪುತ್ತೇನೆ. ಕಬಡ್ಡಿ ಅಂಕಣ ಒಂದು ಫೋನಿಗೆ ಹಿಡಿಯುತ್ತದೆ, ಆದರೆ 27 ಮೀಟರ್ ಉದ್ದದ ಖೊಖೊ ಅಂಗಳ ಹಿಡಿಯುವುದಿಲ್ಲ. ಆ ಕಂಬದ ಹತ್ತಿರ ಡೈವ್ ಬಿದ್ದರೆ ಈ ಕಡೆಯ ಫೋನಿನಲ್ಲಿ ಧೂಳಷ್ಟೇ ಕಾಣುತ್ತದೆ. ಅವರು ಒಪ್ಪದಿದ್ದರೆ ಎರಡು ಫೋನು, ಎರಡು ಕಂಬ, ನಡುವೆ ಬದಲಾಯಿಸಲು ಒಂದು ಲ್ಯಾಪ್‌ಟಾಪ್ ಎಂದು ಬಿಸಿಎ ವಿಭಾಗದ ಹುಡುಗರು ಇಂದು ಸಂಜೆಯೇ ಮೈದಾನಕ್ಕೆ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.