ಬ್ಯಾಗು ಕಾಯುವವರ ಬೆಂಚು

ಏಪ್ರಿಲ್ ತಿಂಗಳ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮಂಗಳೂರಿನಲ್ಲಿ ಕರೆಂಟು ಹೋಯಿತೆಂದರೆ ಮನೆಯೊಳಗೆ ಕೂರುವ ಮಾತೇ ಇಲ್ಲವಾದ್ದರಿಂದ, ನಾವು ನಾಲ್ವರೂ ಬಿಜೈಯ ನಮ್ಮ ಮನೆಯ ಜಗಲಿಗೆ ಕುರ್ಚಿ ಸಮೇತ ಸ್ಥಳಾಂತರಗೊಂಡಿದ್ದೆವು. ನನ್ನ ಮಗಳೂ ಸೇರಿದಂತೆ ಈ ಊರಿನ ಅರ್ಧ ಪಾಲು ಮಕ್ಕಳಿಗೆ ಗಣಿತ ಕಲಿಸಿ, ಯಾರಿಗೂ ಅರ್ಧ ಅಂಕವನ್ನು ಪುಕ್ಕಟೆ ಕೊಡದೆ ನಿವೃತ್ತರಾದ ಭಟ್ರು. ಮಕ್ಕಳ ವಾರ್ಡಿನಲ್ಲಿ ದಾದಿಯಾಗಿದ್ದ ಲಿಲ್ಲಿಬಾಯಿ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಶೆಟ್ರು. ಮತ್ತು ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕೂತು ಮೂವತ್ತು ವರ್ಷ ಬೇರೆಯವರು ಸಾಲು ನಿಲ್ಲುವುದನ್ನು ನೋಡಿದ ನಾನು.

ಗೋಳಿಬಜೆಯ ಮೊದಲ ತಟ್ಟೆ ಮುಗಿಯುವ ಹೊತ್ತಿಗೆ ಮಗಳು ಬಾಗಿಲಲ್ಲಿ ನಿಂತು, "ಮೇ ತಿಂಗಳ ರಜೆಯಲ್ಲಿ ಇನ್ನೊಮ್ಮೆ ಎಲ್ಲರೂ ಸೇರಿ ಆ ಪಾರ್ಕಿಗೆ ಹೋಗುವನಾ?" ಎಂದು ಕೇಳಿದಳು. ಶೆಟ್ರ ಕೈಯಲ್ಲಿದ್ದ ಗೋಳಿಬಜೆ ಚಟ್ನಿಯಲ್ಲೇ ನಿಂತುಬಿಟ್ಟಿತು.

"ಎಂತ ಸಾವು ಮಾರಾಯ್ತಿ, ಡಿಸೆಂಬರಿನ ನೋವೇ ಇನ್ನೂ ನನ್ನ ಸೊಂಟದಿಂದ ಇಳಿದಿಲ್ಲ" ಎಂದರು.

ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ವಾರದಲ್ಲಿ, ಅಂದರೆ ಬುದ್ಧಿಯಿದ್ದವರು ಮನೆಯಲ್ಲೇ ಇರುವ ವಾರದಲ್ಲಿ, ನಾವು ನಾಲ್ವರು, ಮಗಳು, ಅಳಿಯ ಮತ್ತು ಆಗಷ್ಟೇ ಎರಡು ವರ್ಷ ತುಂಬಿದ್ದ ಮೊಮ್ಮಗಳು ಚಿನ್ನು ಬಾಡಿಗೆಯ ಟೆಂಪೋ ಟ್ರಾವೆಲರ್‌ನಲ್ಲಿ ಬೆಂಗಳೂರಿನ ಕಡೆಗಿರುವ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದೆವು. ಪಾರ್ಕಿನ ಹೆಸರು ಹೇಳುವುದಿಲ್ಲ, ಏಕೆಂದರೆ ತಪ್ಪು ಪಾರ್ಕಿನದ್ದಲ್ಲ, ನಾವು ಆರಿಸಿಕೊಂಡ ವಾರದ್ದು. ಶಿರಾಡಿ ಘಾಟಿಯ ನಾಲ್ಕನೆಯ ತಿರುವಿನಲ್ಲಿ ಚಿನ್ನು ಬೆಳಗ್ಗೆ ತಿಂದ ಇಡ್ಲಿಯ ಲೆಕ್ಕವನ್ನು ನನ್ನ ಬಿಳಿ ಅಂಗಿಯ ಮೇಲೆ ಪೂರ್ತಿಯಾಗಿ ಒಪ್ಪಿಸಿದಳು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದು ಅಪರೂಪ, ಅದೆಲ್ಲ ಎರಡು ದಾಟಿದ ಮೇಲೆಯೇ ಶುರುವಾಗುವುದು ಎಂದು ಲಿಲ್ಲಿಬಾಯಿ ಆಗ ಸಮಾಧಾನ ಹೇಳಿದ್ದರು. "ಹಾಗಾದರೆ ಹದಿನೈದು ದಿನ ಮೊದಲೇ ಹೊರಡಬಹುದಿತ್ತಲ್ಲ, ಜನವೂ ಕಡಿಮೆ ಇರುತ್ತಿತ್ತು, ಅಂಗಿಯೂ ಉಳಿಯುತ್ತಿತ್ತು" ಎಂದು ಹಿಂದಿನ ಸೀಟಿನಿಂದ ಶೆಟ್ರು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ಟಿಕೆಟಿನ ಕೌಂಟರಿನಲ್ಲಿ ನಾನಿಲ್ಲದಿದ್ದರೆ ನಿಮ್ಮ ಹಣವೂ ಉಳಿಯುತ್ತಿರಲಿಲ್ಲ" ಎಂದು ಶೆಟ್ರು ಈಗ ಮತ್ತೆ ಎದೆ ಉಬ್ಬಿಸಿದರು.

ಅದು ನಿಜ. ಇಂಥ ಪಾರ್ಕುಗಳಲ್ಲಿ ಮಗುವಿಗೆ ಎಷ್ಟು ವರ್ಷವಾಯಿತು ಎಂದು ಕೇಳುವುದಿಲ್ಲ, ಎಷ್ಟು ಎತ್ತರವಿದೆ ಎಂದು ಅಳೆಯುತ್ತಾರೆ. ಕೌಂಟರಿನ ಪಕ್ಕದ ಹಲಗೆಯಲ್ಲಿ 85 ಸೆಂಟಿಮೀಟರಿಗೆ ಎಳೆದ ಗೆರೆಗೆ ಚಿನ್ನುವಿನ ತೆಂಗಿನ ಗರಿಯಂಥ ಜುಟ್ಟು ಸರಿಯಾಗಿ ತಾಗುತ್ತಿತ್ತು. ಜುಟ್ಟು ದೇಹದ ಭಾಗವೋ ಅಲ್ಲವೋ ಎಂಬ ವಿಷಯದಲ್ಲಿ ಶೆಟ್ರು ಹತ್ತು ನಿಮಿಷ ವಾದಿಸಿ, ಕೊನೆಗೆ ಅಲ್ಲಿದ್ದ ಹುಡುಗ ಸ್ಕೇಲಿನಿಂದ ಜುಟ್ಟನ್ನು ಒತ್ತಿ ಹಿಡಿದಾಗ ಎತ್ತರ 84 ಸೆಂಟಿಮೀಟರಿಗೆ ಇಳಿದು, ಪ್ರವೇಶ ಉಚಿತವಾಯಿತು. ಹುಟ್ಟಿದಂದಿನಿಂದ ರಾಗಿ ಮಣ್ಣಿ ತಿನ್ನಿಸಿ, ಮಗು ಎತ್ತರವಾಗಲಿಲ್ಲವೆಂದು ಮಂಡೆಬಿಸಿ ಮಾಡಿಕೊಂಡಿದ್ದ ನಮ್ಮ ಕುಟುಂಬ, ಮಗು ಗಿಡ್ಡವಾಗಿರುವುದಕ್ಕೆ ಹಿಗ್ಗಿದ್ದು ಅದೊಂದೇ ದಿನ.

ಗೇಟು ದಾಟಿದ ಮೇಲೆ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮ ಜಾತ್ರೆಗಳಲ್ಲಿ ತೇರು ನೋಡಲು ಮಗುವನ್ನು ಹೆಗಲ ಮೇಲೆ ಕೂರಿಸುತ್ತೇವೆ, ಆದ್ದರಿಂದ ಅದಕ್ಕೆ ಕಳಶವೂ ಕಾಣುತ್ತದೆ, ಜನರ ಬೋಳುತಲೆಯೂ ಕಾಣುತ್ತದೆ. ಇಲ್ಲಿ ಮಾತ್ರ ಚಿನ್ನು ತಾನೇ ನಡೆಯುತ್ತೇನೆಂದು ಹಟ ಹಿಡಿದಳು. 84 ಸೆಂಟಿಮೀಟರಿನ ಎತ್ತರದಿಂದ ನೋಡಿದರೆ ಜನಜಂಗುಳಿ ಎಂಬುದು ಮೊಣಕಾಲುಗಳ ಅಡಿಕೆ ತೋಟ. ನಾನು ಬಗ್ಗಿ ಅವಳ ಮುಖದ ಪಕ್ಕ ಮುಖವಿಟ್ಟು ನೋಡಿದಾಗ ನನಗೂ ಕಂಡದ್ದು ಅಷ್ಟೇ: ಜೀನ್ಸ್, ಜೀನ್ಸ್, ಒದ್ದೆ ಚಡ್ಡಿ, ಒಂದು ಕೋನ್ ಐಸ್‌ಕ್ರೀಮಿನಿಂದ ಯಾರದೋ ಪಾದದ ಮೇಲೆ ಬೀಳುತ್ತಿದ್ದ ಗುಲಾಬಿ ಹನಿ. ಆ ತೋಟದ ನಡುವಿನಿಂದ ಆಳೆತ್ತರದ ಮೊಲವೊಂದು ಕೈ ಬೀಸುತ್ತ ಬಂದಾಗ ಚಿನ್ನು ಕಿರುಚಿದ ಕಿರುಚಿಗೆ ರೋಲರ್ ಕೋಸ್ಟರಿನಲ್ಲಿದ್ದವರು ಕೂಡ ಒಮ್ಮೆ ಸುಮ್ಮನಾದರು.

"ದಸರಾದಲ್ಲಿ ಹುಲಿವೇಷದ ಮುಂದೆ ತಾಸೆ ವಾದ್ಯದ ಬಡಿತಕ್ಕೆ ಸರಿಯಾಗಿ ಕುಣಿದ ಮಗು ಮೊಲಕ್ಕೆ ಹೆದರುವುದುಂಟೇ?" ಎಂದು ಭಟ್ರು ಇವತ್ತಿಗೂ ಅದನ್ನು ಒಪ್ಪುವುದಿಲ್ಲ.

"ಹುಲಿಯ ಬಣ್ಣದ ಕೆಳಗೆ ಮನುಷ್ಯನ ಮುಖ ಉಂಟು ಭಟ್ರೇ, ಅದು ಬೆವರುತ್ತದೆ, ಹಲ್ಲು ಕಿರಿಯುತ್ತದೆ, ನಡುವೆ ಸೋಡಾ ಕುಡಿಯುತ್ತದೆ" ಎಂದರು ಲಿಲ್ಲಿಬಾಯಿ. "ಆ ಮೊಲದ ನಗು ಮಾತ್ರ ಬದಲಾಗುವುದೇ ಇಲ್ಲ. ಮಗುವಿಗೆ ಮುಖವೆಂದರೆ ಅಲುಗಾಡಬೇಕು."

ಸಾಲುಗಳ ವಿಷಯ ಬಂದಾಗ ಭಟ್ರು ಪೆನ್ಸಿಲು ಕೇಳಿದರು. ಒಂದು ಆಟದಲ್ಲಿ 24 ಸೀಟು, ಹತ್ತಿಸಿ, ಪಟ್ಟಿ ಬಿಗಿದು, ತಿರುಗಿಸಿ, ಇಳಿಸಲು 5 ನಿಮಿಷ ಎಂದಿಟ್ಟುಕೊಂಡರೆ ಗಂಟೆಗೆ 12 ಸುತ್ತು, ಅಂದರೆ 288 ಜನ. ಮುಂದೆ 500 ಜನರಿದ್ದರೆ ನಿಮ್ಮ ಸರದಿ ಬರುವಾಗ ಒಂದೂಮುಕ್ಕಾಲು ಗಂಟೆ ಕಳೆದಿರುತ್ತದೆ ಎಂದು ಅವರು ಗೋಳಿಬಜೆಯ ಎಣ್ಣೆ ಹೀರಿದ ಪತ್ರಿಕೆಯ ಅಂಚಿನಲ್ಲಿ ಸಾಧಿಸಿ ತೋರಿಸಿದರು. ಮಗಳು ಮತ್ತು ಅಳಿಯ ಇಡೀ ದಿನದಲ್ಲಿ ಮೂರೇ ಆಟ ಆಡಿದ್ದು ಏಕೆಂದು ಆಗ ತಿಳಿಯಿತು. ಆದರೂ ಜನ ದಂಗೆ ಏಳದಿರುವುದಕ್ಕೆ ಕಾರಣ ನನಗೆ ಗೊತ್ತು. ಅದು ನನ್ನ ವೃತ್ತಿಯ ರಹಸ್ಯ. ಸಾಲನ್ನು ನೇರವಾಗಿ ನಿಲ್ಲಿಸಿದರೆ ಅದರ ಉದ್ದ ಕಣ್ಣಿಗೆ ಹೊಡೆಯುತ್ತದೆ. ಕಂಬಿ ಕಟ್ಟಿ ಹಾವಿನ ಹಾಗೆ ಮಡಚಿದರೆ ಪ್ರತಿ ಎರಡು ನಿಮಿಷಕ್ಕೊಂದು ತಿರುವು ಬಂದು, ಎಲ್ಲಿಗೋ ತಲುಪುತ್ತಿದ್ದೇವೆಂಬ ಭ್ರಮೆ ಹುಟ್ಟುತ್ತದೆ. ಎರಡು ವರ್ಷದ ಮಗು ಮಾತ್ರ ಈ ಉಪಾಯಕ್ಕೆ ಮರುಳಾಗುವುದಿಲ್ಲ. ಅದು ಕಂಬಿಯ ಕೆಳಗಿನಿಂದ ನುಸುಳಿ ನೇರವಾಗಿ ಮುಂದೆ ಹೋಗುತ್ತದೆ, ಅದನ್ನು ಹಿಡಿಯಲು ಹೋದ ಅಜ್ಜ ಸಾಲು ತಪ್ಪಿಸಿದನೆಂದು ಬೈಸಿಕೊಳ್ಳುತ್ತಾನೆ.

"ಅದಕ್ಕೆ ಫೆರಿಸ್ ಎಂಬ ಎಂಜಿನಿಯರನ ಹಾಗೆ ಕಟ್ಟಬೇಕು" ಎಂದು ಭಟ್ರು ಉತ್ಸಾಹದಿಂದ ಮುಂದುವರಿಸಿದರು. "1893ರಲ್ಲಿ ಷಿಕಾಗೋದ ವಸ್ತುಪ್ರದರ್ಶನದಲ್ಲಿ ನಿಲ್ಲಿಸಿದ ಅವನ ಚಕ್ರ 264 ಅಡಿ ಎತ್ತರ, ಅದರಲ್ಲಿ 36 ಕೋಣೆಗಳು, ಒಂದೊಂದರಲ್ಲಿ 60 ಜನ. ಒಂದೇ ಸಲಕ್ಕೆ 2160 ಜನರನ್ನು ಹೊತ್ತು ಇಪ್ಪತ್ತು ನಿಮಿಷದಲ್ಲಿ ಎರಡು ಸುತ್ತು ತಿರುಗುತ್ತಿತ್ತು."

"ತುದಿಗೆ ಹೋದಾಗ ಮಗು ಒಂದಕ್ಕೆ ಎಂದರೆ?" ಎಂದು ಶೆಟ್ರು ಕೇಳಿದರು. ಭಟ್ರ ಬಳಿ ಅದಕ್ಕೆ ಸೂತ್ರವಿರಲಿಲ್ಲ.

ನಮ್ಮೆಲ್ಲರ ಪೈಕಿ ನೀರಿಗಿಳಿದವರು ಶೆಟ್ರು ಒಬ್ಬರೇ, ಅದೂ ಅಲೆಗಳ ಕೊಳಕ್ಕೆ. ಪಣಂಬೂರು ಮತ್ತು ಸುರತ್ಕಲ್ಲಿನಲ್ಲಿ ದೇವರು ಪುಕ್ಕಟೆಯಾಗಿ ಕೊಟ್ಟ ಅಲೆಗಳನ್ನು ಬಿಟ್ಟು, ಸುಮಾರು 350 ಕಿಲೋಮೀಟರ್ ದೂರ ಹೋಗಿ, ಸಿಮೆಂಟಿನ ತೊಟ್ಟಿಯಲ್ಲಿ ಯಂತ್ರ ಎಬ್ಬಿಸುವ ಅಲೆಗೆ ಹಣ ಕೊಟ್ಟು ಸಾಲು ನಿಂತ ಮಂಗಳೂರಿನವರು ನಾವಷ್ಟೇ ಅಲ್ಲ ಎಂಬುದು, ಅಕ್ಕಪಕ್ಕದಲ್ಲಿ ಎರಡು ಕುಟುಂಬಗಳು ತುಳುವಿನಲ್ಲಿ ಜಗಳವಾಡುತ್ತಿದ್ದುದರಿಂದ ತಿಳಿಯಿತು. ಸೈರನ್ ಕೂಗಿತು, ಅಲೆ ಎದ್ದಿತು, ಸ್ವಲ್ಪ ಹೊತ್ತಿಗೆ ಒಮ್ಮೆಲೇ ನಿಂತುಹೋಯಿತು. ದಡದಲ್ಲಿ ನನ್ನ ಬೆರಳು ಹಿಡಿದು ನಿಂತಿದ್ದ ಚಿನ್ನು ಅಲ್ಲಾಡದ ಆ ಕಡಲನ್ನು ನೋಡಿ, "ಕರೆಂಟು ಹೋಯ್ತು" ಎಂದಳು.

"ನೀರು ಮಾತ್ರ ಭಾರೀ ಶುದ್ಧವಿತ್ತು, ಕ್ಲೋರಿನ್ನಿನ ಘಾಟು ಮೂಗಿಗೆ ಹೊಡೆಯುತ್ತಿತ್ತು" ಎಂದರು ಶೆಟ್ರು.

ಲಿಲ್ಲಿಬಾಯಿ ನಿಧಾನವಾಗಿ ಚಹಾದ ಲೋಟ ಕೆಳಗಿಟ್ಟರು. "ಆ ಘಾಟು ಬರಿಯ ಕ್ಲೋರಿನ್ನಿನದ್ದಲ್ಲ ಶೆಟ್ರೇ. ಜನರ ಬೆವರು ಮತ್ತು ಮೂತ್ರ ಕ್ಲೋರಿನ್ನಿನ ಜೊತೆ ಸೇರಿದಾಗ ಕ್ಲೋರಮಿನ್ ಎಂಬುದು ಹುಟ್ಟುತ್ತದೆ, ಘಾಟು ಅದರದ್ದು. ಹೆಚ್ಚು ಘಾಟು ಬಂದರೆ ಹೆಚ್ಚು ಜನ ಇಳಿದಿದ್ದಾರೆ ಎಂದು ಅರ್ಥ."

ಶೆಟ್ರು ಎರಡನೆಯ ತಟ್ಟೆಯ ಗೋಳಿಬಜೆಯನ್ನು ಮುಟ್ಟಲಿಲ್ಲ. ಆ ಅಲೆಯಲ್ಲಿ ಅವರು ಎರಡು ಗುಟುಕು ಕುಡಿದದ್ದು ನಮಗೆಲ್ಲರಿಗೂ ಗೊತ್ತಿತ್ತು.

ಈಗ ಬೆಂಚಿನ ವಿಷಯಕ್ಕೆ ಬರುತ್ತೇನೆ. ಚಿನ್ನುವಿಗೆ ದೊಡ್ಡ ಆಟ ಯಾವುದೂ ಇಲ್ಲವಾದ್ದರಿಂದ ಅವಳನ್ನೂ ಮೂರು ಬ್ಯಾಗುಗಳನ್ನೂ ನೋಡಿಕೊಳ್ಳಲು ಒಬ್ಬರು ಬೇಕೆಂದಾಗ ನಾನು, "ನೀವೆಲ್ಲ ಹೋಗಿ, ನನ್ನದೇನು, ಮೊಮ್ಮಗಳ ಸಂತೋಷವೇ ನನಗೆ ಸಂತೋಷ" ಎಂದು ಗದ್ಗದನಾಗಿ ಹೇಳಿ, ಹೊಂಗೆಮರದ ಕೆಳಗಿನ ಬೆಂಚಿನಲ್ಲಿ ಕೂತೆ. ಎಲ್ಲರೂ ನನ್ನ ತ್ಯಾಗವನ್ನು ಹೊಗಳಿದರು. ಹತ್ತು ನಿಮಿಷ ಕಳೆಯುವುದರೊಳಗೆ ಭಟ್ರು ಮೊಣಕಾಲು ಹಿಡಿದುಕೊಂಡು ಬಂದರು. ಆಮೇಲೆ ಲಿಲ್ಲಿಬಾಯಿ, ಈ ಪ್ರಾಯದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ ನಿದ್ದೆ ತಪ್ಪಿದರೆ ಸಂಜೆ ರಂಪವಾಗುತ್ತದೆ, ಅದನ್ನು ಮಲಗಿಸಲು ಅನುಭವಿಗಳು ಬೇಕು ಎನ್ನುತ್ತ ಬಂದರು. ಒದ್ದೆ ಶೆಟ್ರು ಕಾರಣವನ್ನೇ ಹೇಳದೆ ಬಂದು ಕೂತರು. ಹನ್ನೆರಡೂವರೆಯ ಹೊತ್ತಿಗೆ ಒಂದು ಮಗು ಮತ್ತು ಮೂರು ಬ್ಯಾಗುಗಳನ್ನು ನಾಲ್ಕು ಜನ ಹಿರಿಯರು ಕಾಯುತ್ತಿದ್ದೆವು, ಮಗು ನಿದ್ದೆ ಮಾಡುತ್ತಿತ್ತು.

"ಸತ್ಯ ಹೇಳಿ, ನಿಮ್ಮ ಮೊಣಕಾಲು ನಿಜವಾಗಿ ನೋಯುತ್ತಿತ್ತಾ?" ಎಂದು ನಾನು ಈಗ ಭಟ್ರನ್ನು ಕೇಳಿದೆ.

"ತಲೆಕೆಳಗಾಗಿ ತಿರುಗಿಸುವ ಯಂತ್ರದ ವೃತ್ತೀಯ ಚಲನೆಯ ಲೆಕ್ಕ ನಾನು ಕಲಿಸಿದವ. ಮೇಲ್ತುದಿಯಲ್ಲಿ ಜನ ಏಕೆ ಬೀಳುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಗೊತ್ತಿರುವುದು ಬೇರೆ, ಹತ್ತುವುದು ಬೇರೆ" ಎಂದು ಅವರು ತಪ್ಪೊಪ್ಪಿಕೊಂಡರು. 1989ರಲ್ಲಿ ಮುಂಬಯಿಯ ಗೊರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ತೆರೆದ ಮೇಲೆ ಮಕ್ಕಳನ್ನು ದೋಣಿಯಲ್ಲಿ ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ತಾವು ಚಪ್ಪಲಿ ಕಾಯುವ ಕೆಲಸವನ್ನೇ ಕೇಳಿ ಪಡೆಯುತ್ತಿದ್ದುದಾಗಿ ಶೆಟ್ರು ಹೇಳಿದರು.

ಇದರಲ್ಲಿ ನಾಚಿಕೆಪಡುವುದೇನೂ ಇಲ್ಲವೆಂದು ನಾನು ವಾಲ್ಟ್ ಡಿಸ್ನಿಯ ಕಥೆಯನ್ನು ಹೇಳಿದೆ. ಲಾಸ್ ಏಂಜಲೀಸಿನ ಒಂದು ಉದ್ಯಾನದಲ್ಲಿ ಹೆಣ್ಣುಮಕ್ಕಳಿಬ್ಬರೂ ಮರದ ಕುದುರೆಗಳ ಮೇಲೆ ಸುತ್ತುತ್ತಿರುವಾಗ ತಾನು ಬೆಂಚಿನಲ್ಲಿ ಕೂತು ನೆಲಕಡಲೆ ತಿನ್ನುತ್ತಿದ್ದೆ, ಹಿರಿಯರಿಗೂ ಮಕ್ಕಳಿಗೂ ಒಟ್ಟಿಗೆ ಆಡಲು ಒಂದು ಜಾಗ ಬೇಕೆಂಬ ಯೋಚನೆ ಆಗಲೇ ಬಂತು ಎಂದು ಆತನೇ ಹೇಳಿಕೊಂಡಿದ್ದಾನೆ. ಬೆಂಚಿನಲ್ಲಿ ಸುಖವಾಗಿ ಕೂತಿದ್ದವನು ಸುಮ್ಮನೆ ಕಡಲೆ ತಿನ್ನುವುದು ಬಿಟ್ಟು 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದ. ಮೊದಲ ದಿನವೇ ನಕಲಿ ಟಿಕೆಟು ಹಿಡಿದವರು ನುಗ್ಗಿದರು, ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಎತ್ತರದ ಹಿಮ್ಮಡಿಗಳು ಹೂತುಹೋದವು, ಪ್ಲಂಬರುಗಳ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳು ಒಣಗಿದ್ದವು.

"ಅಂದರೆ ನಮ್ಮೂರಿನ ಮದುವೆಗಳ ಹಾಗೆ, ಕರೆದವರಿಗಿಂತ ಬಂದವರು ಹೆಚ್ಚು" ಎಂದು ಶೆಟ್ರು ಮೊದಲ ಬಾರಿಗೆ ಡಿಸ್ನಿಯ ಮೇಲೆ ಕನಿಕರ ತೋರಿಸಿದರು.

ನನ್ನ ಮಟ್ಟಿಗೆ ಆ ದಿನದ ಅತ್ಯುತ್ತಮ ಆಟ ಬೆಂಚಿನ ಮೇಲೆಯೇ ನಡೆಯಿತು. ಮೂರು ಗಂಟೆಯ ಹೊತ್ತಿಗೆ ಹಿಂದಿನ ಪೊದೆಯ ಮರೆಯಿಂದ ಆ ಮೊಲ ಬಂದು, ಅತ್ತಿತ್ತ ನೋಡಿ, ತಲೆಯನ್ನು ಕಳಚಿ ಕಂಕುಳಲ್ಲಿಟ್ಟುಕೊಂಡಿತು. ಒಳಗೆ ಇಪ್ಪತ್ತು ವರ್ಷದ ಹುಡುಗ. ಕೂದಲು ಹಣೆಗೆ ಅಂಟಿಕೊಂಡು, ಕಿವಿಯ ಹಿಂದಿನಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ನಾನು ಕೊಟ್ಟ ಬಾಟಲಿಯ ನೀರನ್ನು ಉಸಿರು ಬಿಡದೆ ಮುಗಿಸಿದ. ಅಷ್ಟರಲ್ಲಿ ಎಚ್ಚರಾದ ಚಿನ್ನು ಕಿರುಚುತ್ತಾಳೆಂದು ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿಯುವುದರಲ್ಲಿದ್ದೆ. ಅವಳು ಹುಡುಗನ ಮುಖವನ್ನು ನೋಡಿದಳು, ಕಂಕುಳಲ್ಲಿದ್ದ ನಗುವ ತಲೆಯನ್ನು ನೋಡಿದಳು, ತನ್ನ ಕೈಯಲ್ಲಿದ್ದ ಅರ್ಧ ಚಕ್ಕುಲಿಯನ್ನು ಬಹಳ ಯೋಚಿಸಿ ಆ ತಲೆಯ ಬಾಯಿಗಿಟ್ಟಳು. ಅದು ತಿನ್ನದಿದ್ದಾಗ ಹುಡುಗನಿಗೆ ಕೊಟ್ಟಳು. ಹುಡುಗ ತಿಂದ.

"ಆದ್ದರಿಂದ ಮೇ ತಿಂಗಳಲ್ಲಿ ನಾನೇ ಚಿನ್ನುವನ್ನು ನೋಡಿಕೊಳ್ಳುತ್ತೇನೆ, ಇವರು ಒಮ್ಮೆ ಆಟವಾಡಲಿ" ಎಂದು ಲಿಲ್ಲಿಬಾಯಿ ಹೇಳಿದ್ದೇ ತಡ, ಛೇ, ನೀವು ಯಾಕೆ, ನಾನಿದ್ದೇನಲ್ಲ ಎಂದು ಮೂವರೂ ತ್ಯಾಗಕ್ಕೆ ಮುಂದಾದೆವು.

ಮಗಳು ನಗುತ್ತ ಒಳಗೆ ಹೋಗಿ ಚಿನ್ನುವನ್ನು ಎತ್ತಿಕೊಂಡು ಬಂದು ಬಾಗಿಲ ದಾರಂದಕ್ಕೆ ಒರಗಿಸಿ ನಿಲ್ಲಿಸಿದಳು. ಭಟ್ರ ಪೆನ್ಸಿಲಿನಿಂದಲೇ ಗೆರೆ ಎಳೆದು, ಅವರ ಕೈಗೇ ಹಳೆಯ ಮರದ ಸ್ಕೇಲು ಕೊಟ್ಟು ಅಳೆಯಿಸಿದಳು. "88 ಸೆಂಟಿಮೀಟರ್. ಈ ಸಲ ಟಿಕೆಟು ತೆಗೆಯಬೇಕು, ಟಿಕೆಟು ತೆಗೆದ ಮೇಲೆ ಆಟಕ್ಕೂ ಕೂರಿಸಬೇಕು. ಆದರೆ ಜೊತೆಯಲ್ಲಿ ಒಬ್ಬರು ಹಿರಿಯರು ಕೂರುವುದು ಕಡ್ಡಾಯವಂತೆ. ನಾವಿಬ್ಬರೂ ದೊಡ್ಡ ಆಟದ ಸಾಲಿನಲ್ಲಿರುತ್ತೇವೆ. ನಿಮ್ಮಲ್ಲಿ ಯಾರು?"

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ.

"ಜುಟ್ಟು ಒತ್ತಿ ಅಳೆಯಬೇಕಿತ್ತು" ಎಂದು ಶೆಟ್ರು ಮೆಲ್ಲನೆ ಹೇಳಿದರು.

"ಸೆಖೆಯೆಂದು ಮೊನ್ನೆಯೇ ಕೂದಲು ಕತ್ತರಿಸಿಯಾಗಿದೆ ಅಂಕಲ್, ಜುಟ್ಟೇ ಇಲ್ಲ."

ಭಟ್ರು ಸ್ಕೇಲನ್ನು ಬೆಳಕಿಗೆ ಹಿಡಿದು ಎರಡೂ ಕಡೆಯಿಂದ ಪರೀಕ್ಷಿಸಿದರು. "ಇದು ಬಹಳ ಹಳೆಯದು. ಈ ಸೆಖೆಗೆ ಹಿಗ್ಗಿರುತ್ತದೆ, ಇದರ ಲೆಕ್ಕವನ್ನು ನಂಬಲಾಗುವುದಿಲ್ಲ."

"ಸ್ಕೇಲು ಹಿಗ್ಗಿದ್ದರೆ ಎತ್ತರ ಇರುವುದಕ್ಕಿಂತ ಕಡಿಮೆ ಕಾಣಬೇಕು ಸರ್. ಎಂಟನೆಯ ತರಗತಿಯಲ್ಲಿ ನಾನು ಇದನ್ನು ತಪ್ಪಾಗಿ ಬರೆದಿದ್ದಕ್ಕೆ ನೀವು ಅರ್ಧ ಅಂಕ ಕಡಿದಿದ್ದಿರಿ."